ರಾಜನ ಸ್ವಗತ ಕೇಳಿದವರು

ಗೋಕಾಕದ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಆ ವರ್ಷ ಬಿ.ಎ. ತರಗತಿಗೆ ಒಂದು ಹಳೆಯ ದುರಂತ ನಾಟಕವಿತ್ತು. ಸಿಂಹಾಸನದ ಆಸೆಗೆ, ಅತಿಥಿಯಾಗಿ ಮನೆಗೆ ಬಂದ ದೊರೆಯನ್ನೇ ಕೊಂದು ತಾನೇ ರಾಜನಾಗಿ, ಆಮೇಲೆ ಕೊಲ್ಲುವುದನ್ನು ನಿಲ್ಲಿಸಲಾಗದವನ ಕಥೆ. ಅವನು ಬರೀ ಕಟುಕನೋ, ಕೆಟ್ಟುಹೋದ ದೊಡ್ಡ ಮನುಷ್ಯನೋ ಎಂದು ಕೇಳಿದೆ.

"ಕಟುಕ ಅದಾನ್ರಿ" ಎಂದರು ಎಲ್ಲರೂ.

ಮಸಗುಪ್ಪಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಖರೆ ಐತ್ರಿ ಮೇಡಂ. ಆದ್ರ ಇನ್ನ ತನ್ನ ಹಂತ್ಯಾಕ ಯಾರೂ ಬರಂಗಿಲ್ಲ ಅನ್ನೋದು ಕಡೀಕ ಅವಂಗ ಗೊತ್ತಾಗತೈತಿ, ಸ್ವಗತದಾಗ ಹೇಳ್ಕೋತಾನ. ಅಲ್ಲಿ ನನಗ ಸಂಕಟ ಆಗತೈತ್ರಿ."

ನನಗೆ ಮಮದಾಪುರದ ಕಾಕಾ, ಅಪ್ಪನ ತಮ್ಮ, ನೆನಪಾದರು. ಅಪ್ಪ ಸತ್ತ ಮೇಲೆ ನಮ್ಮನ್ನು ಸಾಕಿದವರು ಅವರೇ. ಅವರು ಒಳಗೆ ಬಂದರೆ ನಾವು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದೆವು. ಅಕ್ಕ ಬೇರೆ ಜಾತಿಯವನನ್ನು ಮದುವೆಯಾದಳೆಂದು ಅವಳನ್ನು ಮನೆಯಿಂದ ದೂರ ಇಟ್ಟರು. ಅವ್ವ ತೀರಿಕೊಂಡ ದಿನ ಹುಕ್ಕೇರಿಯಿಂದ ಓಡಿಬಂದ ಅವಳಿಗೆ ಮುಖ ನೋಡಲೂ ಬಿಡದೆ ಊರ ಹೆಬ್ಬಾಗಿಲು ಅಗಸಿಯಿಂದಲೇ ಹಿಂದಕ್ಕೆ ಕಳಿಸಿದರು. ಅಂದಿನಿಂದ ನಾನೂ ಆ ಮನೆಗೆ ಕಾಲಿಟ್ಟಿರಲಿಲ್ಲ.

ಆ ಭಾನುವಾರ ಹೋದೆ. ಕಾಕಿ ತೀರಿಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಯಾಕೆ ಬಂದಿ ಎಂದು ಕಾಕಾ ಕೇಳಲಿಲ್ಲ. ತಾವೇ ಚಹಾ ಇಟ್ಟರು. ಡಬ್ಬಿಯಲ್ಲಿ ಗಟ್ಟಿಯಾಗಿದ್ದ ಸಕ್ಕರೆಯನ್ನು ಚಮಚದಿಂದ ಕುಟ್ಟಿ ಹಾಕಿದರು.

"ಅಕ್ಕ ನೆನಪಾಗ್ತಾಳೇನ್ರಿ ಕಾಕಾ?"

"ದಿನಾ ಆಗ್ತಾಳ. ಅವತ್ತ ಅಗಸ್ಯಾಗ ಬರಿಗಾಲಲೆ ನಿಂತಿದ್ಳು. ಕಣ್ಣ ಮುಚ್ಚಿದ್ರ ಅದ ಕಾಣತೈತಿ."

"ಹಂಗಂತ ಆಕಿಗೆ ಹೇಳ್ರಿ."

"ಹೇಳಂಗಿಲ್ಲ" ಎಂದು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು.

ಸಂಜೆ ಗೋಕಾಕದ ನನ್ನ ಕೋಣೆಗೆ ಮರಳಿ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಅವರ ಮನಸಿನ್ಯಾಗಿಂದು ನೀ ಕೇಳಿ ಬಂದಿ. ನಾ ಕೇಳಿದ್ದು 'ನಡಿ ಹಿಂದಕ' ಅನ್ನೋದಷ್ಟ" ಎಂದಳು.

ಮರುದಿನ ತರಗತಿಯಲ್ಲಿ ಹೇಳಿದೆ: ರಾಜನ ಸ್ವಗತ ಕೇಳಿಸುವುದು ಪ್ರೇಕ್ಷಕರಿಗೆ ಮಾತ್ರ. ಅವನಿಂದ ಹೆಂಡಿರು ಮಕ್ಕಳನ್ನು ಕಳೆದುಕೊಂಡವರು ಅದನ್ನು ಕೇಳಿಲ್ಲ. ಅವರು ಅವನನ್ನು ಕಟುಕ ಎಂದರೆ ಅದು ಸುಳ್ಳಲ್ಲ. ನಮ್ಮ ಕರುಣೆಯಿಂದ ಅವರ ತೀರ್ಪು ಅಳಿಸುವುದಿಲ್ಲ.

"ಹಂಗಾದ್ರ ಆ ಕರುಣೆ ತಗೊಂಡ ಏನ್ ಮಾಡೋದ್ರಿ?" ಎಂದಳು ಅದೇ ಹುಡುಗಿ.

ಈಗಲೂ ಆಗಾಗ ಮಮದಾಪುರಕ್ಕೆ ಹೋಗಿ ಕಾಕಾನ ಎದುರು ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ. ಅಕ್ಕನಿಗೆ ಅದು ಗೊತ್ತು. ಬೇಡ ಎಂದು ಅವಳು ಅಂದಿಲ್ಲ. ಆದರೆ ಅವಳ ಫೋನು ಬರುವುದು ಕಡಿಮೆಯಾಗಿದೆ.