ಕೆಂಪಣ್ಣ ಬಿಚ್ಚಗೊಡದ ಟೀವಿ

ಟೀವಿ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ನನ್ನ ಹತ್ತಿರ ಬಂದು ಕೇಳುವುದುಂಟು: ‘ಗಂಗಾಧರಣ್ಣ, ಇನ್ನೊಂದಿಷ್ಟು ಕಟ್ಟಿದ್ರೆ ಮೂರು ವರ್ಷ ಜಾಸ್ತಿ ವಾರಂಟಿ ಕೊಡ್ತಾರಂತೆ. ತಗಳದಾ, ಬ್ಯಾಡ್ವಾ?’

ತುರುವೇಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷದಿಂದ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡು ಬಂದವನು ನಾನು. ವಾರಂಟಿ ಅಂದರೆ ನನ್ನ ಹೊಟ್ಟೆಯ ಮೇಲೆ ಹೊಡೆಯುವ ಚೀಟಿ. ನಾನು ಬೇಡ ಅಂದರೆ ಸ್ವಂತ ಲಾಭಕ್ಕೆ ಅಂದ ಅಂತಾರೆ. ಅಂದುಕೊಳ್ಳಲಿ, ನಾನು ಬೇಡ ಅಂತಲೇ ಹೇಳುವುದು. ಯಾಕೆ ಅಂತ ಮತ್ತೆ ಕೇಳಿದರೆ ರೇಗುತ್ತೇನೆ. ರೇಗಿ ಅವರನ್ನು ಕಳಿಸಿದ ಮೇಲೆ ಕೆಂಪಣ್ಣ ನೆನಪಾಗುತ್ತಾನೆ, ಆಮೇಲೆ ಆ ಹೊತ್ತೆಲ್ಲ ಕೆಲಸ ಸಾಗುವುದಿಲ್ಲ.

ಕೆಂಪಯ್ಯ ಅವನ ಹೆಸರು. ಹತ್ತಿರದ ಸಂಪಿಗೆ ಊರಿನ ಕಡೆಯವನು. ನನಗಿಂತ ಹತ್ತು ವರ್ಷ ದೊಡ್ಡವನಾದ್ದರಿಂದ ನನಗೆ ಕೆಂಪಣ್ಣ. ಅರವತ್ತು ತೆಂಗಿನ ಮರ, ಎರಡು ಹಸು, ಒಂದು ತುಂಡು ರಾಗಿ ಹೊಲ ಇಟ್ಟುಕೊಂಡು ಯಾರ ತಂಟೆಗೂ ಹೋಗದೆ ಬದುಕಿದವನು. ಆದರೂ ಸುತ್ತ ಹತ್ತೂರಿಗೆ ಅವನ ಗುರುತಿತ್ತು, ಅವನ ಕಿವಿಯಿಂದಾಗಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆತುರಪಟ್ಟು ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ, ವರ್ಷದ ಶ್ರಮ ಮಣ್ಣುಪಾಲು. ಒಡೆಯುವ ಹೊತ್ತು ಬಂತೋ ಇಲ್ಲವೋ ಎಂದು ನೋಡಲು ಜನ ಕೆಂಪಣ್ಣನನ್ನು ಕರೆಸುತ್ತಿದ್ದರು. ಅವನು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವನು. ಗಡಗಡ ಅಂದರೆ ಒಡೆಯಲು ಪಕ್ಕಕ್ಕಿಡುವನು. ಸದ್ದು ಬಾರದಿದ್ದರೆ, ಇನ್ನೂ ಇರಲಿ ಎಂದು ತಲೆಯಾಡಿಸಿ ಅಟ್ಟಕ್ಕೇ ವಾಪಸು. ಒಳಗೆ ಕೊಳೆತದ್ದು ಗೊತ್ತಾದರೆ ಮಾತಿಲ್ಲದೆ ಹಿತ್ತಿಲಿಗೆ ಎಸೆದುಬಿಡುವನು.

ಅಂಥ ಕಿವಿಯವನ ಒಬ್ಬಳೇ ಮಗಳು ಮಧುಶ್ರೀಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಊರಿನವರು ಅವಳನ್ನು ಮೂಗಿ ಎನ್ನುತ್ತಿದ್ದರು. ತುಮಕೂರಿನಲ್ಲಿ ಇಂಥ ಮಕ್ಕಳ ಶಾಲೆಯಿದೆ ಎಂದು ಯಾರೋ ಹೇಳಿದ್ದರು. ಅಷ್ಟು ದೂರ ಮಗಳನ್ನು ಬಿಡಲು ತಾಯಿ ಲಕ್ಷ್ಮಕ್ಕ ಒಪ್ಪಲಿಲ್ಲ. ಊಟ, ನೀರು, ಹಸು, ಬಾ, ಹೋಗು, ಇಷ್ಟಕ್ಕೆ ಮನೆಯಲ್ಲಿ ಸನ್ನೆಗಳಿದ್ದವು. ‘ಕಾಯಬೇಕು’ ಅನ್ನುವುದಕ್ಕೆ ಅಪ್ಪ ಮಗಳು ಮಾಡಿಕೊಂಡಿದ್ದ ಸನ್ನೆ ಬೇರೆ ಎಲ್ಲೂ ಇರಲಾರದು. ಮುಷ್ಟಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇಲ್ಲ ಎಂದು ತಲೆಯಾಡಿಸುವುದು. ಆ ಹುಡುಗಿಗೆ ಸದ್ದು ಗೊತ್ತಿಲ್ಲದಿದ್ದರೂ ಕಾಯಿ ಒಣಗಿದ್ದು ಅಂಗೈಗೆ ಗೊತ್ತಾಗುತ್ತಿತ್ತು. ಅಪ್ಪನ ಜೊತೆ ಅಟ್ಟ ಹತ್ತಿ ತಾನೂ ಕಾಯಿ ಆರಿಸುವಳು.

ತೊಂಬತ್ತೆಂಟರಲ್ಲಿ ಒಂದು ಭಾನುವಾರ ಮಧ್ಯಾಹ್ನ, ರೇಡಿಯೋ ರಿಪೇರಿಗೆಂದು ಕೆಂಪಣ್ಣ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಿದ್ದ. ಆಗ ಅವಳಿಗೆ ಒಂಬತ್ತು ವರ್ಷ. ಮೇಜಿನ ಮೇಲೆ ಯಾರದೋ ಟೀವಿ ಪರೀಕ್ಷೆಗೆಂದು ಓಡುತ್ತಿತ್ತು, ದೂರದರ್ಶನದಲ್ಲಿ ಕಿವುಡರ ವಾರ್ತೆ ಬರುತ್ತಿತ್ತು. ಪರದೆಯ ಮೇಲೆ ಒಬ್ಬಾಕೆ ಕೈಯಲ್ಲಿ ಮಾತಾಡುತ್ತಿದ್ದಳು. ಮಧುಶ್ರೀ ನೋಡಿದಳು. ಮೆಲ್ಲಗೆ ಟೀವಿಯ ಹತ್ತಿರ ಹೋಗಿ ನಿಂತಳು. ಆಮೇಲೆ ಎರಡೂ ಕೈ ಎತ್ತಿ ಆಕೆ ಮಾಡಿದಂತೆಯೇ ಮಾಡತೊಡಗಿದಳು. ಅಷ್ಟು ದಿನ ತನ್ನ ಮನೆಯವರು ಮಾತ್ರ ಹೀಗೆ ಕೈ ಆಡಿಸುತ್ತಾರೆ ಅಂದುಕೊಂಡಿದ್ದಳೋ ಏನೋ. ತಿರುಗಿ ಅಪ್ಪನ ಮುಖ ನೋಡಿ ನಕ್ಕಳು. ಕೆಂಪಣ್ಣ ರೇಡಿಯೋ ವಿಷಯವನ್ನೇ ಮರೆತುಬಿಟ್ಟ.

ಆ ವರ್ಷದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋದ ದಿನವೇ ಅಲ್ಲಿನ ಒಂದು ಅಂಗಡಿಯಿಂದ ಕಲರ್ ಟೀವಿ ತಂದ. ಕಂಪನಿಯದು ಒಂದು ವರ್ಷದ ಗ್ಯಾರಂಟಿ. ಮೇಲೆ ಹಣ ಕಟ್ಟಿದ್ದಕ್ಕೆ ಅಂಗಡಿಯವನು ಅದರ ಮುಂದಿನ ಮೂರು ವರ್ಷಕ್ಕೆ ವಿಮೆಯ ಚೀಟಿ ಕೊಟ್ಟು, ‘ಬೇರೆ ಯಾರೂ ಬಿಚ್ಚಬಾರದು ಕಣ್ರೀ, ಬಿಚ್ಚಿದ್ರೆ ಎಲ್ಲಾ ರದ್ದು’ ಎಂದು ಹಿಂದುಗಡೆ ಅಂಟಿಸಿದ್ದ ಕಾಗದದ ಸೀಲು ತೋರಿಸಿದ್ದ. ಮುಟ್ಟದೆ ಇಡುವುದನ್ನು ಕೆಂಪಣ್ಣನಿಗೆ ಯಾರೂ ಕಲಿಸಬೇಕಿರಲಿಲ್ಲ. ಚೀಟಿಯನ್ನು ಟ್ರಂಕಿನಲ್ಲಿ ಜಮೀನಿನ ಪತ್ರಗಳ ಜೊತೆ ಇಟ್ಟ.

ಸುಮಾರು ಎರಡು ವರ್ಷ ಆ ಮನೆಯಲ್ಲಿ ಭಾನುವಾರದ ಮಧ್ಯಾಹ್ನಕ್ಕೆ ಹಬ್ಬದ ಕಳೆ. ವಾರ್ತೆ ಇರುತ್ತಿದ್ದದ್ದು ಸ್ವಲ್ಪ ಹೊತ್ತು. ಅದರಲ್ಲಿ ಬಂದ ನಾಲ್ಕೈದು ಸನ್ನೆಗಳನ್ನು ಅಪ್ಪ ಮಗಳು ವಾರವೆಲ್ಲ ಆಡುವರು. ಮಳೆ, ರೈಲು, ಸಾವು, ಮದುವೆ. ಎಷ್ಟು ಸರಿ ಎಷ್ಟು ತಪ್ಪು ದೇವರಿಗೇ ಗೊತ್ತು. ಲಕ್ಷ್ಮಕ್ಕ ಮೊದಲು ನಾಚಿಕೊಳ್ಳುತ್ತಿದ್ದವಳು, ನೆಂಟರು ಬಂದಾಗ, ‘ಟೀವಿಯವ್ರೂ ಹಿಂಗೇ ಮಾಡ್ತಾರೆ ನೋಡಿ’ ಎಂದು ಹೆಮ್ಮೆಯಿಂದ ಹೇಳುವ ಹಾಗಾದಳು. ನಾನು ಒಮ್ಮೆ ಹೋದಾಗ ಆ ಹುಡುಗಿ ನನಗೂ ಒಂದು ಸನ್ನೆ ಕಲಿಸಿದಳು. ನನ್ನ ದಪ್ಪ ಬೆರಳಿಗೆ ಅದು ಬಾರದೆ ಇದ್ದಾಗ ಬಿದ್ದು ಬಿದ್ದು ನಕ್ಕಳು.

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಚಿತ್ರ ಹೋಯಿತು. ಧ್ವನಿ ಚೆನ್ನಾಗಿಯೇ ಬರುತ್ತಿತ್ತು. ಊರಿನಲ್ಲಿ ಇನ್ನು ಯಾರ ಮನೆಯಲ್ಲಾದರೂ ಹಾಗಾಗಿದ್ದರೆ ಹಾಡಾದರೂ ಕೇಳಿಕೊಂಡಿರುತ್ತಿದ್ದರು.

ಕೆಂಪಣ್ಣ ತಿಪಟೂರಿಗೆ ಹೋಗಿ ದೂರು ಬರೆಸಿದ. ‘ತುಮಕೂರಿಂದ ಮೆಕ್ಯಾನಿಕ್ ಬರ್ತಾರೆ, ಕಾಯಿರಿ’ ಅಂದರಂತೆ. ಎರಡು ತಿಂಗಳಾದರೂ ಯಾರೂ ಬಾರದೆ ಇದ್ದಾಗ ನಾನೇ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ.

‘ಬಿಚ್ಚಿ ನೋಡ್ತೀನಿ ಕೆಂಪಣ್ಣ, ಹತ್ತು ನಿಮಿಷದ ಕೆಲ್ಸ ಇರಬೋದು.’

‘ಬ್ಯಾಡ ಕಣಪ್ಪ. ನೀನ್ ಬಿಚ್ಚಿದ್ರೆ ವಾರಂಟಿ ಹೋಯ್ತದೆ. ಬತ್ತೀವಿ ಅಂತ ಹೇಳವ್ರೆ, ಬತ್ತಾರೆ ಬುಡು.’

ಮಧುಶ್ರೀ ನನ್ನ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದಳು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡದ್ದು ಕಂಡು ಅಪ್ಪನ ಕಡೆ ತಿರುಗಿದಳು. ಅವನು ಮುಷ್ಟಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ತಲೆಯಾಡಿಸಿದ. ಹುಡುಗಿ ಸರಿ ಎಂದು ಗೋಣು ಹಾಕಿ ಹೊರಗೆ ಹೋದಳು.

ಆ ಸೀಲನ್ನು ಬಿಸಿನೀರಿನ ಹಬೆಗೆ ಹಿಡಿದು ಬಿಡಿಸಿ, ಮತ್ತೆ ಅಂಟಿಸುವುದು ನನಗೆ ಬರುತ್ತಿತ್ತು. ಕೆಂಪಣ್ಣ ತೋಟಕ್ಕೆ ಹೋದ ಹೊತ್ತು ನೋಡಿ ಮಾಡಿದ್ದರೆ ಯಾವ ಕಂಪನಿಗೂ ತಿಳಿಯುತ್ತಿರಲಿಲ್ಲ. ನಾನು ಮಾಡಲಿಲ್ಲ. ನನ್ನ ಕೈಗಿಂತ ತಿಪಟೂರಿನವನ ಚೀಟಿ ಹೆಚ್ಚಾಯಿತೇ ಎಂದು ನನಗೆ ಸಿಟ್ಟು ಬಂದಿತ್ತು. ಹಾಳಾಗಿ ಹೋಗಲಿ ಅಂದುಕೊಂಡು ಬಸ್ಸು ಹತ್ತಿದೆ.

ಐದನೆಯ ತಿಂಗಳಿಗೆ ಮೆಕ್ಯಾನಿಕ್ ಬಂದ. ಸ್ವಿಚ್ ಹಾಕಿ, ಧ್ವನಿ ಕೇಳಿ, ಹಿಂದೆ ಸುತ್ತಿ ಸೀಲು ನೋಡಿ, ಪೆಟ್ಟಿಗೆ ಬಿಚ್ಚದೆಯೇ ಪಿಕ್ಚರ್ ಟ್ಯೂಬು ಹೋಗಿದೆ ಎಂದು ಬರೆದುಕೊಂಡು ಕಾಫಿ ಕುಡಿದು ಹೋದ. ಮತ್ತೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಇಷ್ಟರಲ್ಲಿ ಕೆಂಪಣ್ಣ ಒಂದು ಭಾನುವಾರ ಮಗಳನ್ನು ಊರಿನ ಇನ್ನೊಂದು ಮನೆಗೆ ಟೀವಿ ನೋಡಲು ಕರೆದುಕೊಂಡು ಹೋಗಿದ್ದ. ಅಲ್ಲಿ ಮಕ್ಕಳೆಲ್ಲ ಸಿನಿಮಾ ಬೇಕೆಂದು ಗಲಾಟೆ ಮಾಡಿ, ಅವಳೆದುರಿಗೆ ಕೈ ಕುಣಿಸಿ ಅಣಕಿಸಿದರು. ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಟೀವಿಯವರೂ ಹೀಗೇ ಮಾಡುತ್ತಾರೆ ಎಂದು ತೋರಿಸಲು ಮನೆಯ ಟೀವಿಯಲ್ಲಿ ಚಿತ್ರವೇ ಇರಲಿಲ್ಲವಾಗಿ ಲಕ್ಷ್ಮಕ್ಕನಿಗೂ ಹಳೆಯ ನಾಚಿಕೆ ಬಂತು. ನಾಲ್ಕು ಜನರೆದುರು ಹುಡುಗಿ ಕೈ ಎತ್ತಿದರೆ ಆ ಕೈಗಳನ್ನು ಹಿಡಿದು ಮಡಿಲಿಗೆ ಒತ್ತುತ್ತಿದ್ದಳು.

ಮಾರನೆಯ ವರ್ಷದ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಓದಿ ಹೇಳು ಎಂದು ಕೆಂಪಣ್ಣ ನನ್ನ ಹತ್ತಿರ ತಂದ. ಪಿಕ್ಚರ್ ಟ್ಯೂಬು ಈ ವಿಮೆಯಲ್ಲಿ ಸೇರುವುದಿಲ್ಲ, ವಿಷಾದಿಸುತ್ತೇವೆ ಎಂದಿತ್ತು.

‘ಮುಗೀತಲ್ಲ ಕೆಂಪಣ್ಣ, ಈಗಾದ್ರೂ ತಗೊಂಬಾ, ಬಿಚ್ಚನ.’

‘ಚೀಟೀಲಿ ಇನ್ನೂ ಹನ್ನೊಂದು ತಿಂಗ್ಳು ಐತಲ್ಲಪ್ಪ. ಇನ್ನೊಂದು ಅರ್ಜಿ ಹಾಕಿ ಅಂತ ಅಂಗಡಿಯವ್ರು ಅಂದವ್ರೆ.’

‘ಇದೇನು ನಿನ್ನ ಅಟ್ಟದ ಕಾಯಾ, ಇಟ್ಟಷ್ಟೂ ಬಲಿಯಕ್ಕೆ?’ ಎಂದು ಕೂಗಾಡಿದೆ.

ಅವನಿಗೆ ಬೇಸರವಾಗಲಿಲ್ಲ. ‘ಎಲ್ಲಾದ್ಕೂ ಒಂದು ಹೊತ್ತು ಬರಬೇಕು ಕಣಪ್ಪ’ ಎಂದು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಜೀವಮಾನವೆಲ್ಲ ಕಾದೇ ಗೆದ್ದವನಿಗೆ ಕಾಯಬೇಡ ಎಂದು ಹೇಳುವುದು ಹೇಗೆ? ಎರಡನೆಯ ಅರ್ಜಿಗೆ ಉತ್ತರವೇ ಬರಲಿಲ್ಲ. ಅಂಗಡಿ ಕೈಬದಲಾಯಿತು, ಹೊಸಬನು ಹಳೆಯವರ ಚೀಟಿಗೆ ನಾನು ಜವಾಬ್ದಾರನಲ್ಲ ಅಂದ.

ಎರಡು ಸಾವಿರದ ಎರಡರ ಕೊನೆಗೆ, ಚೀಟಿಯ ಅವಧಿ ಮುಗಿದ ಮರುದಿನ ಕೆಂಪಣ್ಣ ನನ್ನನ್ನು ಕರೆಯಲು ಬಂದ. ಒಂದು ದಿನವೂ ಮುಂಚೆ ಬರಲಿಲ್ಲ. ಭಾನುವಾರ ಬೆಳಗ್ಗೆ ಹೋಗಿ ಸೀಲು ಹರಿದು ಹಿಂದುಗಡೆ ತೆಗೆದೆ. ಟ್ಯೂಬು ಹೊಸದರಂತಿತ್ತು. ಅದರ ಕುತ್ತಿಗೆಗೆ ಸಿಕ್ಕಿಸುವ ಸಣ್ಣ ಬೋರ್ಡಿನಲ್ಲಿ ಒಂದು ಬೆಸುಗೆ ಬಿಟ್ಟಿತ್ತು, ಅಷ್ಟೇ. ಒಂದು ಚಿಟಿಕೆ ಸೀಸ. ಕಾದ ಕಬ್ಬಿಣ ಮುಟ್ಟಿಸಿ ಎತ್ತುವಷ್ಟರಲ್ಲಿ ಕೆಲಸ ಮುಗಿಯಿತು. ಎಷ್ಟಾಯ್ತು ಎಂದು ಕೆಂಪಣ್ಣ ಕೇಳಿದಾಗ ನಾನು ಸ್ಕ್ರೂ ತಿರುಗಿಸಿ ಹಿಂದುಗಡೆ ಮುಚ್ಚತೊಡಗಿದೆ.

ಮಧ್ಯಾಹ್ನ ವಾರ್ತೆ ಬಂತು. ಪರದೆಯ ಮೇಲಿನ ಹೆಂಗಸು ಕೈ ಆಡಿಸತೊಡಗಿದಳು. ಕೆಂಪಣ್ಣ ಓಡಿಹೋಗಿ ಹಿತ್ತಿಲಿನಲ್ಲಿ ಕೊಬ್ಬರಿಯ ಕರಟ ತೆಗೆಯುತ್ತಿದ್ದ ಮಗಳನ್ನು ಕೈಹಿಡಿದು ಕರೆತಂದ. ಹದಿಮೂರು ವರ್ಷದ ಮಧುಶ್ರೀ ಎತ್ತರವಾಗಿದ್ದಳು. ಸೆರಗಿನಂತೆ ಹೊದ್ದಿದ್ದ ಟವೆಲಿನೊಳಗೆ ಎರಡೂ ಕೈ ಅಡಗಿಸಿಕೊಂಡು ನಿಂತಳು. ನೋಡಿದಳು, ಆದರೆ ಮುಖದಲ್ಲಿ ಏನೂ ಆಗಲಿಲ್ಲ. ಕೆಂಪಣ್ಣ ಟೀವಿಯ ಪಕ್ಕದಲ್ಲಿ ನಿಂತು, ಎರಡು ವರ್ಷದಿಂದ ಮರೆತ ಸನ್ನೆಗಳನ್ನು ಒಂದಾದ ಮೇಲೊಂದು ಮಾಡಿ ತೋರಿಸಿದ. ಮಳೆ. ರೈಲು. ಮದುವೆ. ಬೆರಳುಗಳು ಎಲ್ಲೆಲ್ಲೋ ಹೋಗುತ್ತಿದ್ದವು. ಅವನು ಅಳುತ್ತಿದ್ದದ್ದು ನನಗೆ ಕಂಡಿತು.

ಮಗಳು ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ಒಮ್ಮೆ ನೋಡಿ ಬಲಗೈಯನ್ನು ಹೊರಗೆ ತೆಗೆದಳು. ಮುಷ್ಟಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಇನ್ನೂ ಕಾಯೋಣ ಅನ್ನುತ್ತಾಳೆ ಎಂದುಕೊಂಡು ಕೆಂಪಣ್ಣ ಆಸೆಯಿಂದ ಮುಂದೆ ಬಾಗಿದ. ಅವಳು ತಲೆಯಾಡಿಸಲಿಲ್ಲ. ಮುಷ್ಟಿ ಬಿಚ್ಚಿ, ಕೊಳೆತ ಕಾಯಿಯನ್ನು ಅವನು ಎಸೆಯುತ್ತಿದ್ದ ಹಾಗೆಯೇ, ಹಿತ್ತಿಲ ಕಡೆಗೆ ಕೈ ಬೀಸಿದಳು. ಆಮೇಲೆ ಕರಟದ ರಾಶಿಯ ಹತ್ತಿರ ಹೋಗಿ ಕೂತಳು.