ಗೇಟಿನ ಬೋರ್ಡಿನಲ್ಲಿ ನಾಳೆಯ ಹವಾಮಾನ

ಇನ್‌ಸ್ಪೆಕ್ಟರು ಶಾಲೆಗೆ ಬರುವ ಲೋಕಲ್ ರೈಲು ಕಲ್ಯಾಣ್ ಸ್ಟೇಷನ್ನಿನಲ್ಲೇ ನಿಂತುಬಿಡಬಹುದಿತ್ತು. ವಾರಿಜಾ ಟೀಚರಿಗೆ ಜ್ವರ ಬರಬಹುದಿತ್ತು. ಗಾಳಿಯ ಒತ್ತಡ ನೋಡಲು ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ಅದೇ ಹೊತ್ತಿಗೆ ಒಡೆಯಬಹುದಿತ್ತು, ದಿಕ್ಕು ತೋರಿಸುವ ರಿಬ್ಬನ್ನನ್ನು ಕಾಗೆ ಎಳೆದೊಯ್ಯಬಹುದಿತ್ತು, ಇನ್‌ಸ್ಪೆಕ್ಟರು ನನ್ನನ್ನೇ ಎಬ್ಬಿಸಿ ಮರಾಠಿಯಲ್ಲಿ ಪ್ರಶ್ನೆ ಕೇಳಬಹುದಿತ್ತು, ಕೇಳಿದೊಡನೆ ನಾನು ವಾಂತಿ ಮಾಡಿಕೊಳ್ಳಬಹುದಿತ್ತು. ಇದು ಏಳನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಮಾಡಿಟ್ಟ ಪಟ್ಟಿ. ಮೊನ್ನೆ ಸಂಜೆ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನಲ್ಲಿ ಮೊಬೈಲು ಕಿರ್ರೆಂದು ಮಳೆಯ ಎಚ್ಚರಿಕೆ ಕೊಟ್ಟಿತು. ಮಗಳು ತಲೆಯೆತ್ತದೆ "ಕಲ್ ಛುಟ್ಟಿ", ನಾಳೆ ರಜೆ, ಅಂದಳು. ನನಗೆ ಮಾತ್ರ ಕೈಯ ಚಹಾ ಆರುವಷ್ಟು ಹೊತ್ತು ಆ ಪಟ್ಟಿಯೇ ಕಣ್ಣಮುಂದೆ ಇತ್ತು. ಈಗಲೂ ಪಟ್ಟಿ ಮಾಡುತ್ತೇನೆ, ಸಂಖ್ಯೆ ಹಾಕಿ. ಅಭ್ಯಾಸ.

ಆಗ ನಾವು ಕೋಪರಿಯ ಚಾಳಿನ ಎರಡು ಖೋಲಿಗಳಲ್ಲಿದ್ದೆವು. ಅಪ್ಪ ಬೆಳಕು ಹರಿಯುವ ಮೊದಲೇ ಹೋಟೆಲಿನ ಗಲ್ಲಾಕ್ಕೆ ಹೋಗಿಬಿಡುತ್ತಿದ್ದ. ಮನೆ ನಡೆಸುತ್ತಿದ್ದದ್ದು ದೊಡ್ಡಮ್ಮ. ಮಾಳಿಗೆಯ ಮೇಲೆ ಅವಳ ಸಂಡಿಗೆ, ಒಳಗೆ ಅವಳ ತುಳು, ಎರಡರ ಮಧ್ಯೆ ತೆಂಗಿನೆಣ್ಣೆ ಹಚ್ಚಿಸಿಕೊಂಡು ಕೂತ ನಾನು. ಸ್ಟೇಷನ್ನಿನ ಆಚೆಗಿದ್ದ ಕನ್ನಡ ಶಾಲೆಗೆ ನಮ್ಮ ಕಡೆಯ ಹೋಟೆಲಿನವರ ಮಕ್ಕಳೇ ಹೆಚ್ಚು. ಏಳನೇ ಕ್ಲಾಸಿನಲ್ಲಿ ಇಪ್ಪತ್ತೆರಡು ಜನ. ತಪಾಸಣೆಯ ದಿನ ಇಪ್ಪತ್ತಕ್ಕಿಂತ ಕಡಿಮೆಯಾದರೆ ಮುಂದಿನ ವರ್ಷ ಆ ಕ್ಲಾಸೇ ಇರುವುದಿಲ್ಲ ಎಂದು ಆಗಲೇ ಇಲಾಖೆಯಿಂದ ಕಾಗದ ಬಂದಿತ್ತು.

ವಾರಿಜಾ ಟೀಚರು ವಿಜ್ಞಾನವನ್ನು ಪುಸ್ತಕದಿಂದ ಕಲಿಸಿದವರಲ್ಲ. ಕಿಟಕಿಯ ಹೊರಗೆ ಎರಡು ಉಷ್ಣಮಾಪಕ ತೂಗುಹಾಕಿದ್ದರು. ಒಂದು ಬರಿಯದು, ಇನ್ನೊಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ ಅದರ ಬಾಲವನ್ನು ನೀರಿನ ಶೀಷೆಯೊಳಗೆ ಇಳಿಬಿಟ್ಟಿದ್ದರು. ಗಾಳಿ ಒಣಗಿದ್ದರೆ ಒದ್ದೆ ಬಟ್ಟೆಯದು ತಣ್ಣಗಾಗಿ ಕೆಳಗಿಳಿಯುತ್ತದೆ, ಗಾಳಿಯಲ್ಲಿ ನೀರು ತುಂಬಿದ್ದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ, ಆಗ ಮಳೆ ಹತ್ತಿರ. ಶಾಲೆ ಬಿಡುವ ಹೊತ್ತಿಗೆ ಆ ವಾರದ ಪಾಳಿಯ ಮಕ್ಕಳು ಅವನ್ನು ಓದಿ, ಮೋಡ ನೋಡಿ, ನಾಳೆ ಏನಾಗುತ್ತದೆಂದು ಗೇಟಿನ ಕರಿಹಲಗೆಯ ಮೇಲೆ ಬರೆದು ಕೆಳಗೆ ಹೆಸರು ಹಾಕಬೇಕು. ರೇಡಿಯೋ ಕೇಳುವಂತಿಲ್ಲ. ಒಮ್ಮೆ ಬರೆದದ್ದನ್ನು ಒರೆಸುವಂತಿಲ್ಲ, ಟೀಚರೂ ಕೂಡ. ನನ್ನ ಪಾಳಿಯಲ್ಲಿ ಸದಾ ಮಳೆಯೇ. ತಪ್ಪಿದಾಗಲೆಲ್ಲ ಅವರು ನಕ್ಕು, "ಇದು ಆಕಾಶದ್ದಲ್ಲ ಮಗಾ, ನಿನ್ನ ಹೊಟ್ಟೆಯ ಹವಾಮಾನ" ಅನ್ನುತ್ತಿದ್ದರು.

ಆ ಜುಲೈಯಲ್ಲಿ ಒಂದು ದಿನ ಬೋರ್ಡಿನಲ್ಲಿ 'ಮಧ್ಯಾಹ್ನ ಜೋರು ಮಳೆ' ಎಂದಿತ್ತು. ಬೆಳಿಗ್ಗೆ ಲಕಲಕ ಬಿಸಿಲು. ಎಲ್ಲರೂ ನಕ್ಕರು. ಹನ್ನೆರಡಕ್ಕೆ ಶುರುವಾದ ಮಳೆಯ ನೀರು ಕೋಪರಿಯ ಗಲ್ಲಿಗಳಲ್ಲಿ ಸೊಂಟದವರೆಗೆ ನಿಂತಿತು, ದೊಡ್ಡವರು ನಮ್ಮನ್ನು ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದರು. ಅಲ್ಲಿಂದ ಮುಂದೆ ಆ ಬೋರ್ಡು ತಾಯಂದಿರಿಗೆ ದೇವರ ಅಪ್ಪಣೆಯಾಯಿತು. ದೊಡ್ಡಮ್ಮ ನನ್ನನ್ನು ಕೇಳದೆ ಸಂಡಿಗೆ ಒಣಹಾಕುತ್ತಿರಲಿಲ್ಲ. ಜೋರು ಮಳೆ ಎಂದು ಬರೆದರೆ ಮರುದಿನ ಅರ್ಧ ಕ್ಲಾಸು ಖಾಲಿ.

ಗಣಪತಿ ಮುಳುಗಿ ಎರಡು ವಾರವಾಗಿತ್ತು. ನಾಳೆ ತಲೆ ಎಣಿಸಲು ಇನ್‌ಸ್ಪೆಕ್ಟರು ಬರುತ್ತಾರೆ, ಜ್ವರವಿದ್ದರೂ ಬನ್ನಿ ಎಂದು ಟೀಚರು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದರು. ಆ ವಾರದ ಪಾಳಿ ನನ್ನದು. ದಿನವಿಡೀ ಪಟ್ಟಿ ಹಿಡಿದು ಓಡಾಡಿದೆ: ಬಲೂನು ಬದಲಿಸಿದೆ, ರಿಬ್ಬನ್ನಿಗೆ ಎರಡು ಗಂಟು ಹಾಕಿದೆ, ಮರಾಠಿ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ಸಂಜೆ ಕಿಟಕಿಗೆ ಬಗ್ಗಿ ನೋಡಿದರೆ ಎರಡೂ ಉಷ್ಣಮಾಪಕದಲ್ಲಿ ಒಂದೇ ಅಂಕಿ. ಖಾಡಿಯ ಹಿನ್ನೀರಿನ ಕಡೆ ಒಂದಿಷ್ಟು ಮೋಡವೂ ಇತ್ತು. ಎಂದೂ ಇಲ್ಲದ ಧೈರ್ಯದಿಂದ ದಪ್ಪಕ್ಷರದಲ್ಲಿ 'ನಾಳೆ ಜೋರು ಮಳೆ' ಎಂದು ಬರೆದೆ.

ಟೀಚರು ಡಸ್ಟರು ಹಿಡಿದೇ ಗೇಟಿನ ತನಕ ಬಂದರು. ಬಹಳ ಹೊತ್ತು ಓದಿದರು.

"ಯಂತ್ರ ಹೇಳಿದ್ದಾ, ನೀನು ಹೇಳಿದ್ದಾ?"

"ಯಂತ್ರವೇ, ಟೀಚರ್. ದೇವರಾಣೆ."

ಅವರು ಡಸ್ಟರನ್ನು ಸೆರಗಿನೊಳಗೆ ಇಟ್ಟುಕೊಂಡರು.

ಬೆಳಿಗ್ಗೆ ಬಿಸಿಲು. ನಾನು ಹೊರಟಾಗ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು. ಜುಲೈಯಲ್ಲೂ ಹೀಗೇ ಬಿಸಿಲಿತ್ತಲ್ಲ ಎಂಬುದು ಅವಳ ವಾದ. ಇನ್‌ಸ್ಪೆಕ್ಟರು ಬರುತ್ತಾರೆ ಎಂದರೆ, "ಅಷ್ಟು ಮಳೆಗೆ ಅವರು ಬರ್ಲಿಕ್ಕುಂಟಾ ಮಾರಾಯ್ತಿ? ನೀನೇ ಬರ್ದದ್ದಲ್ವಾ?" ಎಂದಳು. ಅತ್ತು ಬಿಡಿಸಿಕೊಂಡು ಓಡಿದೆ. ಅದೇ ಮಾತು ಆ ಬೆಳಿಗ್ಗೆ ಎಷ್ಟು ಬಾಗಿಲುಗಳಲ್ಲಿ ಆಯಿತೋ, ಕ್ಲಾಸಿನಲ್ಲಿ ನನ್ನನ್ನೂ ಸೇರಿಸಿ ಒಂಬತ್ತು ಜನ. ಟೀಚರು ಗೇಟಿಗೂ ಕ್ಲಾಸಿಗೂ ನಡೆದರು, ಬೀದಿಯ ತುದಿಯವರೆಗೂ ಹೋಗಿ ಬಂದರು. ಇನ್‌ಸ್ಪೆಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ, ಹಣೆಯ ಬೆವರು ಒರೆಸಿಕೊಳ್ಳುತ್ತಾ ಬಂದರು.

ಮುಂದಿನ ಜೂನಿನಲ್ಲಿ ಆ ಕೋಣೆಗೆ ಬೀಗ ಬಿತ್ತು. ನಮಗಿಂತ ಕೆಳಗಿನ ಕ್ಲಾಸಿನ ಮಕ್ಕಳು ಮರಾಠಿ ಶಾಲೆಗೆ ಹೋದರು. ಟೀಚರು ಡೊಂಬಿವಲಿಯ ತಮ್ಮನ ಮನೆಗೆ ಹೋದರೆಂದು ಕೇಳಿದೆ, ಹೋಗಿ ನೋಡುವ ಮುಖ ನನಗಿರಲಿಲ್ಲ. ಈಗ ಅವರಿಲ್ಲ. ದೊಡ್ಡಮ್ಮನೂ ಇಲ್ಲ, ಚಾಳು ಒಡೆದು ಟವರು ಎದ್ದಿದೆ. ಆ ಬೋರ್ಡನ್ನು ನಂಬುತ್ತಿದ್ದ ತಾಯಂದಿರಲ್ಲಿ ಯಾರು ಎಲ್ಲಿದ್ದಾರೋ ತಿಳಿಯದು. ನಿಮ್ಮಲ್ಲೂ ಕೆಲವರು ಅಂಥದೇ ಕೋಣೆಗಳಲ್ಲಿ ಕಲಿತವರಿರಬಹುದು. ಆ ಕೋಣೆಗೆ ಬೀಗ ಏಕೆ ಬಿತ್ತೆಂದು ಕೇಳಿದರೆ ಜನ ಕಾಲವನ್ನು ದೂರುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ.

ಆ ದಿನ ಹೊರಡುವ ಮುನ್ನ ಇನ್‌ಸ್ಪೆಕ್ಟರು ಮರ್ಯಾದೆಗೆಂದು ಕಿಟಕಿಯತ್ತ ಬೆರಳು ಮಾಡಿ ಇದೇನೆಂದು ವಿಚಾರಿಸಿದರು. ಟೀಚರು ಹುರುಪಿನಿಂದಲೇ ವಿವರಿಸತೊಡಗಿ ಬಟ್ಟೆಯನ್ನು ಮುಟ್ಟಿದರು. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. ಪಾಳಿ ಯಾರದೆಂದು ಅವರು ಕೇಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಬಟ್ಟೆ ಒಣಗಿದ್ದರೆ ಎರಡೂ ಒಂದೇ ಅಂಕಿ ತೋರಿಸುತ್ತವೆ ಎಂದು ಮಾತ್ರ, ಪಾಠ ಒಪ್ಪಿಸುವವರ ಹಾಗೆ, ಇನ್‌ಸ್ಪೆಕ್ಟರಿಗೆ ಹೇಳಿದರು. ಶೀಷೆಯಲ್ಲಿ ನೀರಿರಲಿಲ್ಲ. ನಾನು ಹಾಕಿರಲಿಲ್ಲ.