ರಟ್ಟಿನ ಹಿಂದಿನ ಕತ್ತಲು

ಬಂಗಾರಪೇಟೆಯ ರೈಲ್ವೆ ಸ್ಟೇಷನ್ನಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಕಿರಿದಾದ ಮಳಿಗೆಯಲ್ಲಿ ವಿಜಯಕುಮಾರ್ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಕಳೆದ ಯುಗಾದಿಗೆ ಸ್ವಲ್ಪ ಮುಂಚೆ, ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದವನ ಎದೆಬಡಿತ ನಿಂತುಹೋಯಿತು. ಇನ್ನೂ ನಲವತ್ತಾರು ತುಂಬಿರಲಿಲ್ಲ. ಈಗ ಅವನನ್ನು ನೆನೆಯುವವರೆಲ್ಲ ಅವನ ಕೈಗುಣದ ಮಾತಾಡುತ್ತಾರೆ. ಅವನು ಎಷ್ಟು ಹೆದರುತ್ತಿದ್ದ ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆ ಹೆದರಿಕೆಯನ್ನು ಬಿಟ್ಟು ಅವನ ಕತೆ ಹೇಳಿದರೆ ಅದು ಬೇರೆ ಯಾರದೋ ಕತೆಯಾಗುತ್ತದೆ.

ಹೊಸ ಗೇಮ್ ಬಿಡುಗಡೆಯಾದಾಗಲೆಲ್ಲ ಕಾಲೇಜಿನ ಮಕ್ಕಳು ಅವನ ಅಂಗಡಿಗೆ ಬರುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಇದು ನಮ್ ಸಿಸ್ಟಮಲ್ಲಿ ಓಡುತ್ತಾ?" ಗೇಮ್ ಮಾಡಿದ ಕಂಪನಿಯವರು ಇಂಥ ಪ್ರೊಸೆಸರ್ ಬೇಕು, ಇಷ್ಟು ಮೆಮರಿ ಬೇಕು ಎಂದು ಬರೆದಿರುತ್ತಾರೆ. ವಿಜಯಕುಮಾರ್ ಅದನ್ನು ಓದುತ್ತಿದ್ದ, ಆದರೆ ನಂಬುತ್ತಿರಲಿಲ್ಲ. ಧೂಳು ಕುಡಿದ ಹಳೆಯ ಮಷೀನು ಕಾಗದದ ಮೇಲೆ ಪಾಸಾದರೂ ನಿಜವಾದ ಭಾರ ಬಿದ್ದಾಗ ಕುಸಿಯುತ್ತದೆ ಎನ್ನುತ್ತಿದ್ದ. ಗೇಮನ್ನೇ ಹಾಕಿ, ಅದರಲ್ಲಿ ಅತ್ಯಂತ ಭಾರವಾದ ದೃಶ್ಯ ಯಾವುದೋ ಅದನ್ನೇ ಓಡಿಸಿ, ಪರದೆಯ ಮೂಲೆಯಲ್ಲಿ ಮೂಡುವ ಸಣ್ಣ ಅಂಕಿಗಳನ್ನು ನೋಡುತ್ತಿದ್ದ. ಚಿತ್ರ ಎಷ್ಟು ವೇಗವಾಗಿ ಓಡುತ್ತಿದೆ, ಒಳಗೆ ಎಷ್ಟು ಬಿಸಿಯಾಗಿದೆ ಎಂದು ಆ ಅಂಕಿಗಳು ಹೇಳುತ್ತವೆ. ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ಕೊನೆಗೆ "ಓಡುತ್ತೆ ಕಣಮ್ಮ" ಅಂದರೆ ಅದು ಓಡುತ್ತಿತ್ತು. ಅವನ ಬಾಯಿಂದ ಬಂದ ಆ ಮಾತಿಗೆ ಬಂಗಾರಪೇಟೆಯಲ್ಲಿ ಬೆಲೆಯಿತ್ತು. ಅಂಗಡಿ ನಿಂತಿದ್ದೇ ಅದರ ಮೇಲೆ.

ಅವನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನಿನಲ್ಲಿ. ಸಾಲಾಗಿ ಒಂದಕ್ಕೊಂದು ಅಂಟಿದ ಗಣಿ ಕೂಲಿಗಳ ಆ ಮನೆಗಳಲ್ಲೊಂದರಲ್ಲಿ ಕೊನೆಯವರೆಗೂ ಇದ್ದ. ತಂದೆ ಆದಿನಾರಾಯಣ ಗಣಿಯೊಳಗೆ ಕೆಲಸಕ್ಕಿದ್ದವರು. ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುವುದಿತ್ತು. ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಗಳು ಅಲುಗಿ, ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವಿಜಯಕುಮಾರ್‌ಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಹಾಗೆ ಪಾತ್ರೆಗಳು ಅಲುಗಿದವು. ಹಿಂದೆಯೇ, ಪಾಳಿ ಮುಗಿಯುವ ಹೊತ್ತಲ್ಲದ ಹೊತ್ತಿನಲ್ಲಿ, ಗಣಿಯ ಸೈರನ್ನು, ಲೈನಿನವರ ಮಾತಿನ ಸಂಗು, ಕೂಗಿತು. ತಾಯಿ ಅಮ್ಮಾಜಮ್ಮ ಮಗನ ಕೈ ಹಿಡಿದು ಗಣಿಗಿಳಿಯುವ ಬಾವಿಯಂಥ ಶಾಫ್ಟಿನ ಬಳಿಗೆ ಓಡಿದಳು. ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ಕೇಜು ಮೇಲೆ ಬರುತ್ತಿತ್ತು, ಗಂಡಸರು ಇಳಿಯುತ್ತಿದ್ದರು, ಮತ್ತೆ ಕೆಳಗೆ ಹೋಗುತ್ತಿತ್ತು. ಪ್ರತಿ ಸಲವೂ ಹುಡುಗ ಇಳಿದವರ ಮುಖಗಳಲ್ಲಿ ಅಪ್ಪನನ್ನು ಹುಡುಕಿದ. ಆಮೇಲೆ ಕೇಜು ಖಾಲಿಯಾಗಿ ಬಂತು. ಅಪ್ಪನನ್ನು ಮೇಲೆ ತಂದಾಗ ಯಾರೂ ಹುಡುಗನಿಗೆ ಆ ಮುಖ ತೋರಿಸಲಿಲ್ಲ.

ಕಾಣದ ಆ ಮುಖದ ಜಾಗದಲ್ಲಿ ಹುಡುಗನ ಮನಸ್ಸು ಏನೇನನ್ನೋ ತುಂಬಿಕೊಂಡಿತು. ದೊಡ್ಡವನಾದ ಮೇಲೂ ಅದು ಹೋಗಲಿಲ್ಲ. ಆಸ್ಪತ್ರೆಯಲ್ಲಾಗಲಿ ಮದುವೆಯ ಛತ್ರದಲ್ಲಾಗಲಿ ಅವನು ಲಿಫ್ಟ್ ಹತ್ತಿದವನಲ್ಲ. "ಮೊಣಕಾಲಿಗೆ ಒಳ್ಳೇದು" ಎಂದು ನಗುತ್ತ ಮೆಟ್ಟಿಲು ಹತ್ತುತ್ತಿದ್ದ. ಮಲಗುವಾಗ ಕಿಟಕಿಯೊಂದು ತೆರೆದೇ ಇರಬೇಕಿತ್ತು. ಹೆಂಡತಿ ಇಂದ್ರಾಣಿ ಚಳಿಗಾಲದಲ್ಲೂ ಆ ಕಿಟಕಿಯ ಜೊತೆ ಹೊಂದಿಕೊಂಡಳು, ಕಾರಣ ಕೇಳಲಿಲ್ಲ. ಗಣಿ ಮುಚ್ಚಿ ವರ್ಷಗಳಾದರೂ ಅಮ್ಮನ ಮುಂದೆ ಅವನು ಅದರ ಹೆಸರೆತ್ತುತ್ತಿರಲಿಲ್ಲ. ಅಮ್ಮನೂ ತನ್ನ ಹಾಗೆಯೇ ಹೆದರಿದ್ದಾಳೆ, ಒಂದು ಮಾತು ಬಿದ್ದರೆ ಒಡೆದುಹೋಗುತ್ತಾಳೆ ಎಂದುಕೊಂಡಿದ್ದ.

ಹಾಗಿರುವಾಗ ಅರ್ಚನ ಆ ಗೇಮನ್ನು ತಂದಳು. ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಹಸು ಕಟ್ಟಿದ ಮನೆಯ ಹುಡುಗಿ, ಡಿಗ್ರಿ ಓದುತ್ತಿದ್ದಳು. ಗೇಮ್ ಆಡುತ್ತ, ತನ್ನದೇ ಮಾತಿನಲ್ಲಿ ವಿವರಿಸುತ್ತ ಅದನ್ನು ನೇರವಾಗಿ ಯೂಟ್ಯೂಬಿಗೆ ಬಿಡುತ್ತಿದ್ದಳು. ನೋಡುವವರಿದ್ದರು. ಹೊಸ ಗೇಮು ಒಂದು ಪಾಳು ಗಣಿಯದು. ಶುರುವಿನಲ್ಲೇ ಆಡುವವನು ಕೇಜಿನಲ್ಲಿ ನಿಂತು ಭೂಮಿಯೊಳಗೆ ಇಳಿಯುತ್ತಾನೆ. ಕತ್ತಲು, ಧೂಳು, ಅಲುಗುವ ದೀಪ ಎಲ್ಲ ಒಟ್ಟಿಗಿರುವುದರಿಂದ ಮಷೀನಿಗೆ ಅದೇ ಅತ್ಯಂತ ಭಾರವಾದ ದೃಶ್ಯ. "ಚಿನ್ನದ್ ಗಣಿ ಊರೋಳು ಗಣಿ ಇಳೀತಾಳೆ, ಭಾನುವಾರ ನೋಡಿ ಅಂತ ಎಲ್ಲಾರ್ಗೂ ಏಳ್ಬಿಟ್ಟಿದೀನಿ ಅಣ್ಣಾ. ಓಡುತ್ತಾ ನೋಡಿ" ಎಂದು ಕಂಪ್ಯೂಟರ್ ಬಿಟ್ಟುಹೋದಳು.

ಪರದೆಗೆ ಚಿತ್ರ ಮೂಡಿಸುವ ಅವಳ ಹಳೆಯ ಗ್ರಾಫಿಕ್ಸ್ ಕಾರ್ಡ್ ತೆಗೆದು, ಅಂಗಡಿಯಲ್ಲಿದ್ದ ಸ್ವಲ್ಪ ದೊಡ್ಡ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೂರಿಸಿ ವಿಜಯಕುಮಾರ್ ಗೇಮ್ ಶುರುಮಾಡಿದ. ಪರದೆಯ ಮೇಲೆ ಕೇಜಿನ ಸರಳಿನ ಬಾಗಿಲು ಮುಚ್ಚಿಕೊಂಡಿತು. ಅವನು ಎದ್ದು ನಿಂತ. ಹಾಗೇ ಹಿಂದಕ್ಕೆ ಸರಿದು ಬೆನ್ನಿಗೆ ಗೋಡೆ ತಾಗುವವರೆಗೂ ಹೋದ. ಸ್ವಲ್ಪ ಹೊತ್ತಿನ ಮೇಲೆ ಮಾನಿಟರಿನ ಡಬ್ಬದ ರಟ್ಟೊಂದನ್ನು ಕತ್ತರಿಸಿ, ಮೂಲೆಯ ಅಂಕಿಗಳಷ್ಟೇ ಕಾಣುವಂತೆ ಪರದೆಗೆ ಅಡ್ಡ ಇಟ್ಟ. ಸೌಂಡ್ ತೆಗೆದ. ಅಂಕಿಗಳು ಚೆನ್ನಾಗಿದ್ದವು, ಬಿಸಿ ಹಿಡಿತದಲ್ಲಿತ್ತು. ಅರ್ಚನ ಬಂದಾಗ "ಓಡುತ್ತೆ ಕಣಮ್ಮ" ಅಂದ.

ಸೋಮವಾರ ಅವಳು ತನ್ನ ಒಡಹುಟ್ಟಿದ ಅಣ್ಣನ ಮೊಪೆಡ್ಡಿಗೆ ಹಾಲಿನ ಕ್ಯಾನಿನ ಜಾಗದಲ್ಲಿ ಕಂಪ್ಯೂಟರ್ ಕಟ್ಟಿಕೊಂಡು ಬಂದಳು. ಅಮ್ಮಾಜಮ್ಮ ಅವತ್ತು ಬಿಪಿ ತೋರಿಸಲು ಬಂಗಾರಪೇಟೆಗೆ ಬಂದವಳು, ಸಂಜೆಯ ರೈಲಿಗೆ ಕಾಯುತ್ತ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು.

"ಓಡುತ್ತೆ ಅಂದ್ರಲ್ಲಾ ಅಣ್ಣಾ, ಓಡ್ತು! ನನ್ ಮರ್ವಾದೇನೂ ಎತ್ಕೊಂಡು ಓಡೋಯ್ತು."

"ಏನಾಯ್ತಮ್ಮಾ?"

"ಕೇಜ್ ಕೆಳಕ್ ಓದಂಗೆಲ್ಲಾ ಸ್ಕ್ರೀನ್ ತುಂಬಾ ಅಸ್ರು ಚುಕ್ಕೆ. ಗಣಿಯಾ, ರಾಗಿ ಪೈರಾ ಅಂತ ಕಾಮೆಂಟ್ ಆಕವ್ರೆ. ಅರ್ಧಕ್ಕೇ ನಿಲ್ಲಿಸ್ದೆ."

ಕೇಳುತ್ತಿದ್ದ ಹಾಗೆ ವಿಜಯಕುಮಾರ್‌ಗೆ ಗೊತ್ತಾಯಿತು. ತಾನು ಹಾಕಿದ ಕಾರ್ಡಿನ ಮೆಮರಿ ಕೆಟ್ಟಿದೆ. ವೇಗ, ಬಿಸಿ ಎರಡೂ ಸರಿಯಿದ್ದು ಚಿತ್ರ ಮಾತ್ರ ಕೆಡುತ್ತದೆ. ಅಂಕಿಗಳು ಅದನ್ನು ಹೇಳುವುದಿಲ್ಲ, ಪರದೆ ನೋಡಿದವರಿಗೆ ಮಾತ್ರ ಕಾಣುತ್ತದೆ.

"ನೀವ್ ನೋಡ್ಲಿಲ್ವಾ ಅಣ್ಣಾ?" ಅವಳ ಕಣ್ಣು ಮೇಜಿನ ಪಕ್ಕದ ರಟ್ಟಿನ ಮೇಲೆ ಬಿತ್ತು. "ಇದೇನು, ಮದ್ವೆ ಎಣ್ಣಾ ಇದು, ಅಂತರ್ಪಟ ಇಡಿಯಕ್ಕೆ?"

ಅವನು ಕೆಟ್ಟ ಕಾರ್ಡ್ ಕಳಚಿದ. ಬೇರೆ ಕಾರ್ಡ್ ಕೂರಿಸಿದ. ಗೇಮ್ ತೆರೆದ. ಕೈ ಅಭ್ಯಾಸದಿಂದ ರಟ್ಟಿನ ಕಡೆ ಹೋಯಿತು. ಪರದೆಗೆ ಇಟ್ಟೂಬಿಟ್ಟ. ಅರ್ಚನ ಅದನ್ನು ತೆಗೆಯಲು ಹೋದಾಗ "ಬ್ಯಾಡ" ಎಂದು ಕೂಗಿದ. ಅವನು ಕೂಗಿದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಏನ್ಲಾ ಅದು?" ಅಮ್ಮಾಜಮ್ಮ ಕೇಳಿದಳು.

"ಏನಿಲ್ಲಮ್ಮ."

"ಗಣಿ ಇಳಿಯೋ ಆಟ ಅಜ್ಜಿ" ಅಂದಳು ಅರ್ಚನ.

ಆ ಮಾತು ಅಂಗಡಿಯೊಳಗೆ ಬಿದ್ದದ್ದೇ ವಿಜಯಕುಮಾರ್ ಕೀಬೋರ್ಡಿನ ಮೇಲೆ ಬಗ್ಗಿದ. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ. ಕುರ್ಚಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಅಮ್ಮಾಜಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದಳು.

"ಎತ್ತು ಆ ರಟ್ನ."

"ಬ್ಯಾಡಮ್ಮ. ನಿಂಗೆ ಬಿಪಿ ಐತೆ."

"ನಿಂಗಿಲ್ವಾ? ಮುಖ ನೋಡ್ಕೋ ಓಗು, ಸುಣ್ಣ ಬಳ್ದಂಗೈತೆ. ಲೇ ವಿಜಿ, ನಿಮ್ಮಪ್ಪ ದಿನಾ ಬೆಳಗಾದ್ರೆ ಎಲ್ಲಿಗ್ ಓಯ್ತಿದ್ದ ಅಂತ ನಾನ್ ನೋಡೇ ಇಲ್ಲ ಕಣ್ಲಾ. ಎಂಗುಸ್ರನ್ನ ಒಳಕ್ ಬಿಡ್ತಿರ್ಲಿಲ್ಲ. ಬುತ್ತಿ ಕಟ್ಟೋದು, ಬಾಗ್ಲಲ್ ನಿಂತ್ಕಳೋದು, ಅಷ್ಟೇಯ ನಂಗ್ ಗೊತ್ತಿರೋದು."

"ಅದು ನಿಜವಾದ್ದಲ್ಲಮ್ಮ. ಗೊಂಬೆ."

"ಗೊಂಬೇನೇ ಆಗ್ಲಿ, ತೋರ್ಸು."

ಅರ್ಚನಳಿಗೆ ಈಗ ವಿಷಯ ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು. ಮೆಲ್ಲಗೆ ಅಂದಳು: "ನಾನ್ ಆಡಿಸ್ತೀನಿ ಅಣ್ಣಾ. ನೀವ್ ಆಚೆ ಓಗಿ ಟೀ ಕುಡ್ಕೊಂಡ್ ಬನ್ನಿ."

ಅವನು ಎದ್ದ. ಬಾಗಿಲವರೆಗೂ ಹೋದ. ಬಿಸಿಲಿತ್ತು, ಹೂವು ಮಾರುವವಳು ಯಾರೊಂದಿಗೋ ಜಗಳವಾಡುತ್ತಿದ್ದಳು, ಆಟೋ ಹಾರನ್ ಹೊಡೆಯುತ್ತಿತ್ತು. ಅಲ್ಲೇ ನಿಂತುಬಿಡಬಹುದಿತ್ತು. ಆದರೆ ಹಿಂದೆ ಗೇಮಿನಲ್ಲಿ ಕೇಜು ಇಳಿಸುವ ಗಂಟೆ ಹೊಡೆಯಿತು. ಅಮ್ಮ ಒಬ್ಬಳೇ ಕೆಳಗಿಳಿಯುತ್ತಾಳೆ ಎಂಬ ಯೋಚನೆ ಬಂದದ್ದೇ ಅವನಿಗೆ ಬಾಗಿಲಲ್ಲಿ ನಿಲ್ಲುವುದು ಒಳಗೆ ಕೂರುವುದಕ್ಕಿಂತ ಹೆಚ್ಚು ಭಯವೆನಿಸಿತು. ವಾಪಸ್ ಬಂದು ಅರ್ಚನಳಿಂದ ಕೀಬೋರ್ಡ್ ತೆಗೆದುಕೊಂಡ. ರಟ್ಟು ತೆಗೆದ.

ಕೇಜು ಇಳಿಯತೊಡಗಿತು. ಒದ್ದೆ ಬಂಡೆ ಮೇಲಕ್ಕೆ ಸರಿಯಿತು. ಒಂದೊಂದು ಹಂತದ ಸುರಂಗದ ಬಾಯಿ ಕಂಡು ಮರೆಯಾಯಿತು. ಪ್ರತಿಯೊಂದು ಬಾಯಿಯ ಬಳಿಯೂ ವಿಜಯಕುಮಾರ್ ಬಂಡೆ ಸಿಡಿಯುವುದಕ್ಕೆ ಕಾದ. ಅಂಗಿ ಬೆನ್ನಿಗೆ ಅಂಟಿತ್ತು.

"ಇಷ್ಟು ಅಗ್ಲ ಇರ್ಲಿಲ್ಲ" ಅಂದಳು ಅಮ್ಮಾಜಮ್ಮ. "ಕುರಿ ತುಂಬ್ದಂಗೆ ತುಂಬ್ತಾರೆ ಅಂತಿದ್ದ ನಿಮ್ಮಪ್ಪ. ಪಕ್ಕದೋನ್ ಏನ್ ಉಂಡವ್ನೆ ಅಂತ ವಾಸ್ನೇಲೇ ಗೊತ್ತಾಯ್ತದೆ ಅಂತಿದ್ದ."

"ಚುಕ್ಕೆ ಬತ್ತಿಲ್ಲ ಅಣ್ಣಾ" ಎಂದು ಅರ್ಚನ ಪಿಸುಗುಟ್ಟಿದಳು.

ಕೇಜು ನಿಂತಿತು. ಬಾಗಿಲು ತೆರೆದುಕೊಂಡಿತು. ಮುಂದೆ ಟೋಪಿಯ ದೀಪದ ಬೆಳಕು ಬಿದ್ದಷ್ಟೇ ನೆಲ. ಅದರಾಚೆ ಏನೂ ಇಲ್ಲ. ಒಂಬತ್ತನೇ ವಯಸ್ಸಿನಿಂದ ಅವನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದೆಲ್ಲ ಆ ಬೆಳಕಿನ ಅಂಚಿನಲ್ಲೇ ನಿಂತಿತ್ತು.

"ಯಾರೂ ಇಲ್ವೇನ್ಲಾ ಇಲ್ಲಿ?"

"ಇಲ್ಲಮ್ಮ."

"ಮುಂದಕ್ ಓಗು."

"ಕೈಲಾಗಲ್ಲಮ್ಮ." ಅವನ ದನಿ ಚಿಕ್ಕ ಮಕ್ಕಳ ದನಿಯಾಗಿತ್ತು.

ಅಮ್ಮಾಜಮ್ಮ ಮಗನನ್ನು ಆಗ ಸರಿಯಾಗಿ ನೋಡಿದಳು. "ಸರಿ ಬಿಡಪ್ಪ. ಸಾಕು. ಮ್ಯಾಲಕ್ ಬಾ."

ಅವನು ಕೀ ಒತ್ತಿದ. ಕೇಜು ಅಲುಗಲಿಲ್ಲ. ಮತ್ತೆ ಒತ್ತಿದ.

"ಅಲ್ಲಿಂದ ವಾಪಸ್ ಬರಕ್ಕಾಗಲ್ಲ ಅಣ್ಣಾ" ಅಂದಳು ಅರ್ಚನ. "ಸುರಂಗ ದಾಟಿದ್ರೆ ಆಕಡೆ ಇನ್ನೊಂದ್ ಕೇಜ್ ಐತೆ. ಇಲ್ಲಾಂದ್ರೆ ಆಫ್ ಮಾಡ್ಬಿಡಿ."

ಆಫ್ ಮಾಡಲು ಬೆರಳು ಹೋಯಿತು. ಆದರೆ ದೀಪದ ಟೋಪಿ ಹಾಕಿಕೊಂಡ ಆ ಗೊಂಬೆ ಮನುಷ್ಯನನ್ನು ಕೆಳಗೆ ಬಿಟ್ಟು ಕತ್ತಲು ಮಾಡುವುದು ಅವನಿಂದ ಆಗಲಿಲ್ಲ. ಅಮ್ಮನ ಒರಟು ಅಂಗೈ ಅವನ ಭುಜದ ಮೇಲೆ ಬಂದು ಕೂತಿತು. ಅವನು ಮುಂದಕ್ಕೆ ಹೋದ. ನೀರು ತೊಟ್ಟಿಕ್ಕಿತು, ಮರದ ಆಧಾರದ ಕಂಬ ಕಿರುಗುಟ್ಟಿತು, ಪ್ರತಿ ಸದ್ದಿಗೂ ನಿಂತ, ಮತ್ತೆ ನಡೆದ. ಕೊನೆಗೆ ಆಚೆ ಬದಿಯ ಕೇಜು ಸಿಕ್ಕಿ, ಮೇಲೆ ಬಿಸಿಲು ಕಾಣಿಸಿದಾಗ ಅಮ್ಮಾಜಮ್ಮ ಕೈ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಓಡುತ್ತೆ ಕಣಮ್ಮ" ಎಂದು ವಿಜಯಕುಮಾರ್ ಅರ್ಚನಳಿಗೆ ಹೇಳಿದ. ಅಂಗೈ ಕ್ಯಾಬಿನೆಟ್ಟಿನ ಮೇಲಿತ್ತು.

ಸಂಜೆ ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ತಾಯಿ ಮಗ ಅಕ್ಕಪಕ್ಕ ಕೂತರು. ಊರಿಗಾಂ ಸ್ಟೇಷನ್ ಹತ್ತಿರ ಬರುವವರೆಗೂ ಅಮ್ಮಾಜಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

"ಮುಂದಿನ್ ವಾರ ಮಾತ್ರೆ ತಕ್ಕೊಳಕ್ಕೆ ಬತ್ತೀನಲ್ಲಾ, ಆವಾಗ ಇನ್ನೊಂದ್ಸಲ ಓಗಾನ. ನೀನ್ ದಡಬಡ ಅಂತ ಓದೆ, ನಾನ್ ಏನೂ ಸರ್ಯಾಗ್ ನೋಡ್ಲಿಲ್ಲ."

ವಿಜಯಕುಮಾರ್‌ನ ಅಂಗೈ ಆಗಲೇ ಬೆವೆತಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು, "ಓಗಾನ ಬಿಡಮ್ಮ" ಅಂದ.

ಆಮೇಲಿನ ವಾರಗಳಲ್ಲಿ, ಅಂಗಡಿಯ ಕಂಪ್ಯೂಟರಿಗೇ ಗೇಮ್ ಹಾಕಿಕೊಂಡು, ಅವರು ಎಷ್ಟೋ ಸಲ ಕೆಳಗೆ ಹೋದರು. ಹೆದರಿಕೆ ಒಂದು ಸಲವೂ ಕಮ್ಮಿಯಾಗಲಿಲ್ಲ. ಅಮ್ಮ ಕೇಳಿದಾಗ ಅವನು ಒಂದು ಸಲವೂ ಆಗುವುದಿಲ್ಲ ಅನ್ನಲಿಲ್ಲ.